ಅಡಿಕೆ ಹೆಸರಿನ ದ್ವೀಪದಲ್ಲಿ ಒಬ್ಬರೇ ತಿರುಗುವಾಗ ಜನ ಸಿಗೋದು ಎಲ್ಲಿ?

ಪ್ರಶ್ನೆ: ನನಗೆ 27 ವರ್ಷ, ಊರು ಚನ್ನಗಿರಿ. ಮೊದಲ ಸಲ ದೇಶ ಬಿಟ್ಟು ಹೊರಗೆ, ಅದೂ ಒಬ್ಬನೇ, ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಮಲೇಷ್ಯಾದ ಪೆನಾಂಗ್‌ಗೆ ಹೊರಟಿದ್ದೇನೆ. ಒಟ್ಟು ಎಂಟು ದಿನ. ಪೆನಾಂಗ್ 2, ಲಂಕಾವಿ 3, ಕ್ವಾಲಾಲಂಪುರ 3 ಅಂತ ಲೆಕ್ಕ ಹಾಕಿದ್ದೇನೆ. ನೋಡುವ ಜಾಗಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಅದು ಬೇಡ. ಅಲ್ಲಿನ ಜನರ ಜೊತೆ ನಾಲ್ಕು ಮಾತಾಡಬೇಕು ಅನ್ನೋದು ಆಸೆ. ಆದರೆ ನಾನು ಸಂಕೋಚದವನು, ಮಲಯ್ ಭಾಷೆ ಬರುವುದಿಲ್ಲ, ಸಸ್ಯಾಹಾರಿ ಬೇರೆ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಎಂಟು ದಿನದ ಲೆಕ್ಕಕ್ಕೆ ಕತ್ತರಿ ಹಾಕೋಣ. ಲಂಕಾವಿ ಬಿಡಿ. ಚಂದದ ದ್ವೀಪ, ಬೈಯುತ್ತಿಲ್ಲ, ಆದರೆ ಅಲ್ಲಿಗೆ ಬಂದವರೆಲ್ಲ ನಿಮ್ಮ ಹಾಗೇ ರಜೆ ಮೇಲೆ ಬಂದವರು. ಜನರ ಜೊತೆ ಮಾತಾಡಬೇಕು ಅಂತಿದ್ದರೆ ಐದು ದಿನ, ಸಾಧ್ಯವಾದರೆ ಆರು ದಿನ, ಪೆನಾಂಗ್‌ನ ಮುಖ್ಯ ಪೇಟೆ ಜಾರ್ಜ್‌ಟೌನ್‌ನಲ್ಲೇ ಇರಿ. ಎರಡು ದಿನದಲ್ಲಿ ಯಾವ ಊರಿನವರೂ ಮಾತಾಡುವುದಿಲ್ಲ. ನಿಮ್ಮ ಚನ್ನಗಿರಿ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಒಬ್ಬ ಮಲೇಷ್ಯಾದವನು ಒಂದೇ ಒಂದು ಸಲ ಬಂದು ಕಾಫಿ ಕುಡಿದು ಹೋದರೆ ಯಾರು ಏನು ಕೇಳುತ್ತಾರೆ? ಅದೇ ಅವನು ಮೂರು ದಿನ ಅದೇ ಹೊತ್ತಿಗೆ ಬಂದು ಅದೇ ಬೆಂಚಿನ ಮೇಲೆ ಕೂತರೆ, ನಾಲ್ಕನೇ ದಿನ ಗಲ್ಲಾದಲ್ಲಿ ಕೂತವರು ಸುಮ್ನೆ ಇರುತ್ತಾರಾ?

ನನ್ನ ಉತ್ತರದ ಮುಕ್ಕಾಲು ಪಾಲು ಇಷ್ಟೇ. ಮೂರು ಜಾಗಕ್ಕೆ ಒಂದೊಂದು ಸಲ ಹೋಗಬೇಡಿ. ಒಂದು ಜಾಗಕ್ಕೆ ಮೂರು ಸಲ ಹೋಗಿ. ಸಂಕೋಚದವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ, ಯಾಕೆಂದರೆ ಮಾತು ನೀವು ಶುರು ಮಾಡಬೇಕಾಗಿಲ್ಲ, ಅವರೇ ಮಾಡುತ್ತಾರೆ.

ಕ್ವಾಲಾಲಂಪುರದಿಂದ ವಿಮಾನ ಹತ್ತಬೇಡಿ. ದ್ವೀಪದ ಎದುರು ದಡದ ಬಟರ್‌ವರ್ತ್‌ಗೆ ರೈಲು ಇದೆ, ನಾಲ್ಕು ಗಂಟೆ ಚಿಲ್ಲರೆ. ಸ್ಟೇಷನ್ ಪಕ್ಕದಲ್ಲೇ ಫೆರಿ ಕಟ್ಟೆ. ಕಾಲು ಗಂಟೆಯಲ್ಲಿ ದ್ವೀಪಕ್ಕೆ ದಾಟಿಸುತ್ತಾರೆ, ಟಿಕೆಟ್ ನಮ್ಮ ಒಂದು ಮಸಾಲೆ ದೋಸೆಯ ದುಡ್ಡೂ ಆಗುವುದಿಲ್ಲ. 1985ರಿಂದ ಸೇತುವೆ ಇದೆ, 2014ರಲ್ಲಿ ಎರಡನೆಯದೂ ಬಂತು, ಆದರೂ ದ್ವೀಪದ ಊರಿಗೆ ಮೊದಲ ಸಲ ನೀರಿನ ಮೇಲೇ ಹೋಗಬೇಕು ಅನ್ನೋದು ನನ್ನ ಹಟ. ಇಳಿದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಹಳೇ ಪೇಟೆ.

ಉಳಿಯಲು ಚೂಲಿಯಾ ಸ್ಟ್ರೀಟ್ ಅಥವಾ ಅದರ ಅಡ್ಡರಸ್ತೆ ಲವ್ ಲೇನ್ ಸುತ್ತಮುತ್ತ ಹಾಸ್ಟೆಲ್‌ಗಳು ಬೇಕಾದಷ್ಟಿವೆ. ಚೂಲಿಯಾ ಅಂದರೆ ಕೋರಮಂಡಲ ತೀರದಿಂದ ವ್ಯಾಪಾರಕ್ಕೆ ಬಂದ ತಮಿಳು ಮುಸ್ಲಿಮರಿಗಿದ್ದ ಹಳೇ ಹೆಸರು. ನಮ್ಮ ಕಡೆಯವರು ಅಲ್ಲಿಗೆ ಹೋಗಿದ್ದು ಇವತ್ತು ನಿನ್ನೆಯಲ್ಲ. ಬ್ರಿಟಿಷರ ಫ್ರಾನ್ಸಿಸ್ ಲೈಟ್ 1786ರಲ್ಲಿ ಇಲ್ಲಿ ಬಾವುಟ ನೆಟ್ಟು ಊರಿಗೆ ತಮ್ಮ ರಾಜನ ಹೆಸರಿಟ್ಟ. ಆಮೇಲೆ ಚೀನಿಯರು, ತಮಿಳರು, ಸುಮಾತ್ರಾದವರು, ಅರ್ಮೇನಿಯನ್ನರು ಬಂದು ಸೇರಿಕೊಂಡರು. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗಳೂ ಬಂದರು.

ಹಳೇ ಪೇಟೆಯ ಕಟ್ಟಡ ನೋಡಿ. ಕೆಳಗೆ ಅಂಗಡಿ, ಮೇಲೆ ಮನೆ, ಮುಂದೆ ಕಟ್ಟಡಕ್ಕೆ ಸೇರಿಕೊಂಡಂತೆ ನೆರಳಿನ ದಾರಿ. ಮಲಯ್‌ನಲ್ಲಿ ಇದಕ್ಕೆ ಕಾಕಿ ಲೀಮಾ ಅನ್ನುತ್ತಾರೆ, ಐದಡಿ ಅಂತ ಅರ್ಥ. ನಾನು ಅದನ್ನು ಜಗಲಿ ಅಂತಲೇ ಕರೆಯೋದು. ಮುದುಕರು ಬನಿಯನ್ನಿನಲ್ಲಿ ಕೂತು ಪೇಪರ್ ಓದುತ್ತಾರೆ, ಬೆಕ್ಕು ಮಲಗಿರುತ್ತದೆ, ಯಾರೋ ಸೈಕಲ್ ರಿಪೇರಿ ಮಾಡುತ್ತಿರುತ್ತಾರೆ. ಮಧ್ಯಾಹ್ನ ಮಳೆ ಹೊಡೆದರೆ ಎಲ್ಲರೂ ಅಲ್ಲೇ. ಮಳೆಗೆ ಸಿಕ್ಕಿಹಾಕಿಕೊಂಡ ಇಬ್ಬರು ಹತ್ತು ನಿಮಿಷ ಮಾತಾಡದೇ ನಿಲ್ಲೋದು ಕಷ್ಟ, ಅಲ್ವಾ? ಛತ್ರಿ ತಗೊಂಡು ಹೋಗಬೇಡಿ ಅನ್ನುವಷ್ಟು ದೂರ ನಾನು ಹೋಗುವುದಿಲ್ಲ. ಆದರೆ ಮಳೆ ಬಂದ ಕೂಡಲೇ ಹಾಸ್ಟೆಲ್‌ಗೆ ಓಡಬೇಡಿ.

ಈಗ ಬೆಳಗಿನ ವಿಷಯ. ಪೆನಾಂಗ್‌ನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಸೂರ್ಯನ ಲೆಕ್ಕದಲ್ಲಿ ಅಷ್ಟು ಮುಂದೆ ಇರಬೇಕಾಗಿಲ್ಲ. ಪೂರ್ವಕ್ಕೆ ಬೋರ್ನಿಯೊ ದ್ವೀಪದಲ್ಲಿರುವ ತಮ್ಮ ರಾಜ್ಯಗಳಿಗೂ ಇಲ್ಲಿಗೂ ಒಂದೇ ಸಮಯ ಇರಲಿ ಅಂತ 1982ರ ಜನವರಿ 1ರಂದು ಮುಳ್ಳು ಮುಂದೆ ತಿರುಗಿಸಿಕೊಂಡರು. ಹಾಗಾಗಿ ಬೆಳಕು ಹರಿಯುವುದೇ ಏಳರ ಆಸುಪಾಸು. ನಾನು ಮೊದಲ ಸಲ ಹೋದಾಗ ನಮ್ಮೂರಿನ ಅಭ್ಯಾಸದಂತೆ ಐದೂವರೆಗೆ ಎದ್ದು ಹೊರಗೆ ಬಂದರೆ ಕಗ್ಗತ್ತಲು, ನಾಯಿಯೂ ಇಲ್ಲ. ನೀವು ಏಳೂಕಾಲಿಗೆ ಹೊರಡಿ, ಸಾಕು. ಕೋಪಿತಿಯಾಮ್ ಹುಡುಕಿ. ಅಂದರೆ ಚೀನೀ ಕಾಫಿ ಅಂಗಡಿ. ಕೋಪಿ ಅನ್ನೋದು ಮಲಯ್, ತಿಯಾಮ್ ಅಂದರೆ ಅಲ್ಲಿನ ಚೀನಿಯರು ಆಡುವ ಹೊಕ್ಕಿಯನ್ ಭಾಷೆಯಲ್ಲಿ ಅಂಗಡಿ. ಅಮೃತಶಿಲೆ ಹಾಸಿನ ದುಂಡು ಮೇಜು, ಮರದ ಕುರ್ಚಿ, ಮೇಲೆ ಗರಗರ ಅನ್ನುವ ಫ್ಯಾನು ಇರುವ ಹಳೇ ಅಂಗಡಿ ಸಿಕ್ಕಿದರೆ ಅದನ್ನೇ ನಿಮ್ಮದು ಮಾಡಿಕೊಳ್ಳಿ. ಇಂಥದೇ ಅಂಗಡಿ ಅಂತ ಹೇಳುವುದಿಲ್ಲ. ಹಾಸ್ಟೆಲ್‌ಗೆ ಹತ್ತಿರ ಇರೋದೇ ಒಳ್ಳೆಯದು.

ಆರ್ಡರ್ ಮಾಡುವುದು ಒಂದು ಕಲೆ. ಸುಮ್ನೆ ಕೋಪಿ ಅಂದರೆ ಕಂಡೆನ್ಸ್ಡ್ ಹಾಲು ಹಾಕಿದ ಸಿಹಿ ಕಾಫಿ. ಕೋಪಿ ಓ ಅಂದರೆ ಹಾಲಿಲ್ಲದ್ದು, ಸಕ್ಕರೆ ಇರುತ್ತದೆ. ಕೋಪಿ ಸಿ ಅಂದರೆ ಡಬ್ಬಿಯ ಇವಾಪೊರೇಟೆಡ್ ಹಾಲು. ಸಕ್ಕರೆ ಬೇಡ ಅಂದರೆ ಕೊನೆಗೆ ಕೊಸೋಂಗ್ ಸೇರಿಸಿ, ಖಾಲಿ ಅಂತ ಅರ್ಥ. ನಮ್ಮ ಫಿಲ್ಟರ್ ಕಾಫಿಯ ನಾಲಿಗೆಗೆ ಮೊದಲ ಗುಟುಕು ವಿಚಿತ್ರ ಅನ್ನಿಸುತ್ತದೆ, ಬೀಜವನ್ನು ಸಕ್ಕರೆ, ಮಾರ್ಗರಿನ್ ಹಾಕಿ ಹುರಿಯುತ್ತಾರೆ. ಮೂರನೇ ದಿನ ಅದೇ ಬೇಕು ಅನ್ನಿಸುತ್ತದೆ. ಕೆಲವು ಅಜ್ಜಂದಿರು ಸಾಸರಿಗೆ ಸುರಿದುಕೊಂಡು ಕುಡಿಯುತ್ತಾರೆ, ನಮ್ಮ ತಾತನ ಹಾಗೇ.

ನಾನು ಮೊದಲ ದಿನ ಮಾಡಿದ ತಪ್ಪು ಕೇಳಿ. ಅಂಗಡಿ ಖಾಲಿ ಇತ್ತು. ಗೋಡೆ ಪಕ್ಕದ ದೊಡ್ಡ ಮೇಜಿಗೆ ಹೋಗಿ ಬ್ಯಾಗ್ ಇಟ್ಟು ಕೂತೆ. ಐದು ನಿಮಿಷದಲ್ಲಿ ನಾಲ್ಕು ಜನ ಮುದುಕರು ಒಬ್ಬೊಬ್ಬರಾಗಿ ಬಂದು, ನನ್ನ ಮುಖ ನೋಡಿ, ಬೇರೆ ಮೇಜುಗಳಲ್ಲಿ ಚದುರಿ ಕೂತರು. ಅದು ಅವರ ದಿನದ ಮೇಜು ಅಂತ ನನಗೆ ಹೊಳೆಯುವಷ್ಟರಲ್ಲಿ ಕೋಪಿ ಮುಗಿದಿತ್ತು. ಮರುದಿನ ಮೂಲೆಯ ಸಣ್ಣ ಮೇಜಿಗೆ ಹೋದೆ. ಕೋಪಿ ಮಾಡುವ ಆಂಟಿ ನನ್ನ ಕಡೆ ಬೆರಳು ಎತ್ತಿ, ನಿನ್ನೆಯದೇನಾ ಅನ್ನುವಂತೆ ಹುಬ್ಬು ಹಾರಿಸಿದರು. ತಲೆಯಾಡಿಸಿದೆ. ಆ ದಿನ ಅಷ್ಟೇ. ಮೂರನೇ ದಿನ ಆ ನಾಲ್ವರಲ್ಲಿ ಒಬ್ಬರು ತಿರುಗಿ, "ಚಿಯಾಕ್ ಪಾ ಬೊಯೆ?" ಅಂದರು. ನಾನು ಪಿಳಿಪಿಳಿ ನೋಡಿದೆ. ಊಟ ಆಯ್ತಾ ಅಂತ ಕೇಳಿದ್ದು ಅಂತ ಆಂಟಿ ಬಿಡಿಸಿ ಹೇಳಿದರು. ನೋಡಿ, ಎರಡು ಸಾವಿರ ಮೈಲಿ ಆಚೆಗೆ ಹೋದರೂ ಅದೇ ಪ್ರಶ್ನೆ! ಇಲ್ಲೂ ಅದು ಹಸಿವಿನ ವಿಚಾರಣೆ ಅಲ್ಲ, ನಮಸ್ಕಾರದ ಬದಲು ಕೇಳೋದು. ಆಮೇಲೆ ಮದುವೆ ಆಗಿದೆಯಾ, ಸಂಬಳ ಎಷ್ಟು, ಅಪ್ಪ ಅಮ್ಮ ಯಾರ ಜೊತೆ ಇದ್ದಾರೆ, ಎಲ್ಲ ಬಂತು. ನಮ್ಮ ಸಂಬಂಧಿಕರ ಕೈಯಲ್ಲಿ ಪಳಗಿದವರಿಗೆ ಇದೇನು ಹೊಸದಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನೀವೂ ಕೇಳಿ.

ಕರೆಯುವ ಹೆಸರು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಚೀನೀ ಹಿರಿಯರಿಗೆ ಅಂಕಲ್, ಆಂಟಿ. ಮಲಯ್ ಜನರಲ್ಲಿ ನಿಮಗಿಂತ ಸ್ವಲ್ಪ ದೊಡ್ಡವರಿಗೆ ಅಬಾಂಗ್, ಅಂದರೆ ಅಣ್ಣ. ಹೆಂಗಸಾದರೆ ಕಾಕಾಕ್, ಚಿಕ್ಕದಾಗಿ ಕಾಕ್, ನಮ್ಮ ಅಕ್ಕನ ಜಾಗದಲ್ಲಿ. ಇನ್ನೂ ಹಿರಿಯರಾದರೆ ಪಾಕ್‌ಚಿಕ್, ಮಾಕ್‌ಚಿಕ್. ತಮಿಳಿನವರಿಗೆ ಅಣ್ಣೆ. ನಿಮಗೆ ಹರಕು ಮುರುಕು ತಮಿಳು ಬಂದರೆ ತಮಿಳರ ಪೇಟೆಯಾದ ಲಿಟಲ್ ಇಂಡಿಯಾದಲ್ಲಿ ಧಾರಾಳವಾಗಿ ಬಳಸಿ. ಇಂಗ್ಲಿಷ್ ಹೆಚ್ಚು ಕಡಿಮೆ ಎಲ್ಲ ಕಡೆ ನಡೆಯುತ್ತದೆ, ಆ ಚಿಂತೆ ಬಿಡಿ.

ಮಲಯ್ ಬರುವುದಿಲ್ಲ ಅಂದಿರಿ. ನಿಮಗೆ ಆಗಲೇ ಎಷ್ಟೋ ಬರುತ್ತದೆ. ಬಹಾಸಾ ಅಂದರೆ ಭಾಷೆ, ನಾಮಾ ಅಂದರೆ ಹೆಸರು, ಬೂಮಿ ಅಂದರೆ ಭೂಮಿ, ಮುಕಾ ಅಂದರೆ ಮುಖ, ರಾಸಾ ಅಂದರೆ ರುಚಿ, ಕಪಾಲಾ ಅಂದರೆ ತಲೆ. ಗಂಡನಿಗೆ ಸುವಾಮಿ. ಹೆಂಡತಿಗೆ ಇಸ್ತ್ರಿ. ಯಾರಾದರೂ ನಿಮ್ಮ ಇಸ್ತ್ರಿ ಎಲ್ಲಿ ಅಂತ ಕೇಳಿದರೆ ಸುಕ್ಕಾದ ಅಂಗಿ ನೋಡಿಕೊಳ್ಳಬೇಡಿ. ಇಂಥ ಪದಗಳ ಪಟ್ಟಿಯೊಂದೇ ನನಗೆ ಅಲ್ಲಿ ಎಷ್ಟೋ ಸಂಜೆ ಕಳೆಸಿದೆ. ನೀವು ಒಂದು ಹೇಳುತ್ತೀರಿ, ಅವರು ಒಂದು ಹೇಳುತ್ತಾರೆ, ಆಟದ ಥರ. ಇದರ ಮೇಲೆ ತೆರಿಮಾ ಕಾಸಿ ಅಂದರೆ ಧನ್ಯವಾದ, ಬೊಲೆ ಅಂದರೆ ಆಗುತ್ತದೆ, ತಾಕ್ ಬೊಲೆ ಅಂದರೆ ಆಗೋದಿಲ್ಲ. ಹೊಕ್ಕಿಯನ್‌ನಲ್ಲಿ ಧನ್ಯವಾದಕ್ಕೆ ಕಾಮ್ ಸಿಯಾ. ಆರೇಳು ಪದ ಸಾಕು.

ಆದರೆ ನಿಮ್ಮ ಹತ್ತಿರ ಇದಕ್ಕಿಂತ ದೊಡ್ಡ ಬಂಡವಾಳ ಇದೆ. ಪುಲಾವ್ ಪಿನಾಂಗ್ ಅಂದರೆ ಅಡಿಕೆ ದ್ವೀಪ. ಪಿನಾಂಗ್ ಅಂದರೆ ಅಡಿಕೆ. ಆ ರಾಜ್ಯದ ಬಾವುಟದ ನಡುವೆ ಇರೋದೂ ಅಡಿಕೆ ಮರವೇ. ತಮಾಷೆ ಏನೆಂದರೆ ಪೇಟೆಯಲ್ಲಿ ಅಡಿಕೆ ಮರ ಹುಡುಕಿದರೂ ಸಿಗೋದು ಕಷ್ಟ, ಈಗಿನ ಹುಡುಗರು ಎಲೆಅಡಿಕೆ ಹಾಕುವುದಿಲ್ಲ. ಆದರೆ ಮಾತಿನಲ್ಲಿ ಉಳಿದಿದೆ. ಹೆಣ್ಣು ಕೇಳೋದಕ್ಕೆ ಮಲಯ್‌ನಲ್ಲಿ ಮಮಿನಾಂಗ್ ಅನ್ನುತ್ತಾರೆ, ಹುಟ್ಟಿದ್ದು ಪಿನಾಂಗ್‌ನಿಂದಲೇ. ಹೆಣ್ಣಿನ ಮನೆಗೆ ಎಲೆಅಡಿಕೆಯ ತಟ್ಟೆ ತಗೊಂಡು ಹೋಗುವ ಪದ್ಧತಿ ಅವರದ್ದೂ ಹೌದು. ನಾವು ವೀಳ್ಯ ಬದಲಾಯಿಸಿಕೊಂಡೆವು ಅನ್ನುತ್ತೇವಲ್ಲ, ಅದೇ. ಚನ್ನಗಿರಿಯವರು ನೀವು, ಮನೆಯ ಅಕ್ಕಪಕ್ಕ ಅಡಿಕೆ ತೋಟ ಇಲ್ಲದೇ ಇರುತ್ತದಾ? ಫೋನಿನಲ್ಲಿ ಒಂದು ಹತ್ತು ಫೋಟೊ ಇಟ್ಟುಕೊಳ್ಳಿ. ತೋಟ, ಗೊನೆ ಇಳಿಸೋದು, ಸುಲಿಯೋದು, ಬೇಯಿಸಿ ಅಂಗಳದಲ್ಲಿ ಒಣಗಲು ಹರವಿದ್ದು, ಮನೆ, ಅಮ್ಮ. ಯಾರಾದರೂ ಎಲ್ಲಿಂದ ಬಂದಿರಿ ಅಂತ ಕೇಳಿದಾಗ ಇಂಡಿಯಾ ಅಂತ ಹೇಳಿ ಸುಮ್ಮನಾಗಬೇಡಿ. ಫೋನ್ ತೆಗೆದು, ನಮ್ಮೂರೇ ನಿಜವಾದ ಪಿನಾಂಗ್ ಅನ್ನಿ. ಹಿರಿಯರಿದ್ದರೆ ಅವರ ಅಜ್ಜಿಯ ಕಥೆ ಹೊರಗೆ ಬರುತ್ತದೆ. ಪ್ರವಾಸಿಗಳು ಬರೀ ತಗೊಳ್ಳುತ್ತಾರೆ, ಫೋಟೊ ತಗೊಂಡು ಹೋಗುತ್ತಾರೆ. ನೀವು ತೋರಿಸಿದರೆ ಅವರಿಗೂ ಖುಷಿ.

ಒಂದು ಎಚ್ಚರಿಕೆ, ಅಡಿಕೆ ಚೀಲ ಕಟ್ಟಿಕೊಂಡು ಹೋಗಬೇಡಿ. ಗಿಡ, ಬೀಜದ ವಿಷಯದಲ್ಲಿ ವಿಮಾನ ನಿಲ್ದಾಣದಲ್ಲಿ ತಕರಾರು ಯಾಕೆ? ಫೋಟೊ ಸಾಕು.

ಸಸ್ಯಾಹಾರದ ಬಗ್ಗೆ ನೇರವಾಗಿ ಹೇಳುತ್ತೇನೆ. ಪೆನಾಂಗ್‌ನ ಹೆಸರುವಾಸಿ ತಿಂಡಿಗಳಲ್ಲಿ ಮುಕ್ಕಾಲು ಪಾಲು ನಿಮಗಲ್ಲ. ಚಾರ್ ಕ್ವೇ ತಿಯಾವ್ ಅನ್ನುವ ಹುರಿದ ನೂಡಲ್ಸ್‌ನಲ್ಲಿ ಸಿಗಡಿ, ಕಪ್ಪೆಚಿಪ್ಪು, ಎಷ್ಟೋ ಕಡೆ ಹಂದಿ ಕೊಬ್ಬು. ಅಸ್ಸಾಂ ಲಕ್ಸಾ ಅನ್ನುವ ಹುಳಿ ನೂಡಲ್ಸ್‌ನ ಸಾರೇ ಮೀನಿನದ್ದು. ಬರೀ ತರಕಾರಿ ಥರ ಕಾಣುವ ಪಲ್ಯದಲ್ಲೂ ಬೆಲಾಚಾನ್ ಇರುತ್ತದೆ, ಸಿಗಡಿಯನ್ನು ಹುದುಗಿಸಿ ಮಾಡಿದ ಮುದ್ದೆ ಅದು. ಮಾಂಸ ಇಲ್ಲ ತಾನೇ ಅಂತ ಕೇಳಿದರೆ ಇಲ್ಲ ಅಂತಲೇ ಹೇಳುತ್ತಾರೆ, ಸುಳ್ಳಲ್ಲ, ಅವರ ಲೆಕ್ಕದಲ್ಲಿ ಅದು ಮಾಂಸ ಅಲ್ಲ. ಆದ್ದರಿಂದ ಬಿಡಿಸಿ ಕೇಳಿ: ಡಾಗಿಂಗ್ ಮಾಂಸ, ಇಕಾನ್ ಮೀನು, ಉಡಾಂಗ್ ಸಿಗಡಿ, ತಲೂರ್ ಮೊಟ್ಟೆ. ಚೀನೀ ಅಂಗಡಿಯಲ್ಲಿ ಚಿಯಾಕ್ ಚಾಯ್ ಅನ್ನಿ, ಸಸ್ಯಾಹಾರ ತಿನ್ನುವವರು ಅಂತ. ಈ ಮಾತಿಗೆ ಬೆಲೆ ಇದೆ, ಯಾಕೆಂದರೆ ಬೌದ್ಧರಲ್ಲಿ ಅನೇಕರು ತಮ್ಮ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಮಾಂಸ ಬಿಡುತ್ತಾರೆ. ಅಂದರೆ ಅಮಾವಾಸ್ಯೆ, ಹುಣ್ಣಿಮೆ ಹತ್ತಿರ. ಕ್ಯಾಲೆಂಡರ್ ನೋಡಿಕೊಂಡು ಹೋದರೆ ಆ ಎರಡು ದಿನ ಸಸ್ಯಾಹಾರಿ ಅಂಗಡಿಗಳು ಗಿಜಿಗುಡುತ್ತವೆ, ಹಂಚಿಕೊಂಡ ಮೇಜಿನಲ್ಲಿ ಜಾಗ ಸಿಕ್ಕಿದರೆ ಪುಣ್ಯ. ಲಿಟಲ್ ಇಂಡಿಯಾದಲ್ಲಿ ಬಾಳೆಎಲೆ ಊಟ ಇದ್ದೇ ಇದೆ. ಬೀದಿಯಲ್ಲಿ ಪುಟು ಮಾಯಂ ಅಂತ ಕೂಗಿದರೆ ಹೋಗಿ ನೋಡಿ. ನಮ್ಮ ಒತ್ತು ಶಾವಿಗೆ! ಮೇಲೆ ತೆಂಗಿನತುರಿ, ಕಂದು ಸಕ್ಕರೆ. ಬಾಯಾರಿದರೆ ಅಂಬ್ರಾ ಜ್ಯೂಸ್, ನಮ್ಮ ಅಮಟೆಕಾಯಿಯ ದಾಯಾದಿ, ಒಳಗೆ ಉಪ್ಪುಹುಳಿಯ ಒಣಗಿದ ಪ್ಲಮ್ ಹಾಕಿರುತ್ತಾರೆ.

ಹಾಕರ್ ಸೆಂಟರ್‌ಗಳಲ್ಲಿ, ಅಂದರೆ ಹಲವು ತಿಂಡಿಗಾಡಿ ಒಂದೇ ಕಡೆ ಇರುವ ಜಾಗಗಳಲ್ಲಿ, ಪರಿಚಯ ಇಲ್ಲದವರ ಮೇಜಿನಲ್ಲಿ ಕೂರೋದು ಮಾಮೂಲು. ಖಾಲಿ ಕುರ್ಚಿ ತೋರಿಸಿ "ಬೊಲೆ?" ಅನ್ನಿ. ಒಂದೊಂದು ಗಾಡಿಯೂ ಒಬ್ಬೊಬ್ಬರದು, ಕುಡಿಯೋದು ಮಾತ್ರ ಜಾಗದ ಮಾಲೀಕರದು, ಹಾಗಾಗಿ ಒಂದು ಗ್ಲಾಸ್ ಏನಾದರೂ ತಗೊಳ್ಳಿ, ಇಲ್ಲದಿದ್ದರೆ ಸ್ವಲ್ಪ ದುಡ್ಡು ಜಾಸ್ತಿ ಹಾಕುವವರೂ ಇದ್ದಾರೆ. ಮೇಜಿನ ನಂಬರ್ ನೆನಪಿಟ್ಟುಕೊಂಡು ಹೋಗಿ ಆರ್ಡರ್ ಮಾಡಬೇಕು. ನಾನು ಮರೆತು, ಇನ್ನೊಬ್ಬರ ಮೇಜಿಗೆ ನನ್ನ ತಟ್ಟೆ ಹೋಗಿ, ಅವರು ಅದನ್ನು ಕೈಯಲ್ಲಿ ಹಿಡಿದು ಇಡೀ ಹಾಲ್ ಸುತ್ತಿ ಹುಡುಕಿಕೊಂಡು ಬಂದರು. ಹಾಗೆ ಸಿಕ್ಕಿದವರ ಜೊತೆ ರಾತ್ರಿ ಹನ್ನೊಂದರವರೆಗೆ ಕೂತಿದ್ದೆ.

ಇನ್ನು ಜೆಟ್ಟಿಗಳು. ಸಮುದ್ರದಲ್ಲಿ ಕಂಬ ನೆಟ್ಟು, ಮೇಲೆ ಹಲಗೆ ಹಾಸಿ ಕಟ್ಟಿದ ಮನೆಗಳ ಸಾಲು. ಒಂದೊಂದು ಸಾಲು ಒಂದೊಂದು ಮನೆತನದ್ದು, ಚ್ಯೂ, ಲಿಮ್, ತಾನ್, ಲೀ, ಹೀಗೆ. ಚೀನಾದ ಫುಜಿಯನ್ ಕಡೆಯಿಂದ ಬಂದವರು. ಚ್ಯೂ ಜೆಟ್ಟಿಗೆ ಬಸ್ಸುಗಟ್ಟಲೆ ಜನ ಬರುತ್ತಾರೆ, ಅಲ್ಲಿ ಮಾತುಕತೆ ಹುಡುಕಬೇಡಿ. ಬಾಗಿಲು ತೆರೆದಿರುತ್ತದೆ, ಒಳಗೆ ದೇವರ ಮುಂದೆ ಕೆಂಪು ದೀಪ, ಅಜ್ಜಿ ಟಿವಿ ನೋಡುತ್ತಿರುತ್ತಾರೆ, ಹೊರಗಿನಿಂದ ಯಾರೋ ಫೋನ್ ತೂರಿಸಿ ಫೋಟೊ ಹೊಡೆಯುತ್ತಾರೆ. ನನಗಂತೂ ನೋಡಿ ನಾಚಿಕೆ ಆಯಿತು. ನಮ್ಮ ನಡುಮನೆಯೊಳಗೆ ಹೀಗೆ ಇಣುಕಿದರೆ ಸುಮ್ಮನೆ ಬಿಡುತ್ತೇವಾ? ಬೇರೆ ಜೆಟ್ಟಿಗಳು ಶಾಂತ. ಹೋಗಿ, ತುದಿಯವರೆಗೆ ನಡೆಯಿರಿ, ಫೋನ್ ಜೇಬಿನಲ್ಲಿ ಇರಲಿ. ಯಾರಾದರೂ ನೋಡಿದರೆ ತಲೆಬಾಗಿಸಿ ನಕ್ಕು ಮುಂದೆ ಹೋಗಿ. ಅವರು ಮಾತಾಡಿಸಿದರೆ ಮಾತ್ರ ನಿಲ್ಲಿ.

ಅರ್ಮೇನಿಯನ್ ಸ್ಟ್ರೀಟ್‌ನಲ್ಲಿ ಲಿಥುವೇನಿಯಾದ ಅರ್ನೆಸ್ಟ್ ಝಕರೆವಿಚ್ 2012ರಲ್ಲಿ ಬಿಡಿಸಿದ, ಸೈಕಲ್ ಮೇಲಿನ ಮಕ್ಕಳ ಗೋಡೆಚಿತ್ರ ಇದೆ. ಸರದಿ ಇರುತ್ತದೆ. ಒಂದು ನೋಟ, ಮುಂದೆ ನಡೆಯಿರಿ. ಅದರ ಬದಲು ಹತ್ತಿರದ ಕಪಿತಾನ್ ಕೆಲಿಂಗ್ ಮಸೀದಿ ರಸ್ತೆಯಲ್ಲಿ ಒಂದು ಸಂಜೆ ಕಳೆಯಿರಿ. ಚರ್ಚು, ಚೀನೀ ಗುಡಿ, ಮಸೀದಿ ಒಂದೇ ರಸ್ತೆಯಲ್ಲಿ, ಒಂದು ತಿರುವು ಆಚೆ 1833ರ ಮಹಾಮಾರಿಯಮ್ಮನ ಗುಡಿ. ಗುಡಿಯ ಹತ್ತಿರ ಹೂ ಕಟ್ಟುವವರ ಪಕ್ಕ ಕೂತರೆ ಮಾತು ತಾನಾಗಿಯೇ ಬರುತ್ತದೆ.

ನಿಮ್ಮ ದಿನಾಂಕ ಇನ್ನೂ ಗಟ್ಟಿ ಆಗದಿದ್ದರೆ ಹಬ್ಬ ನೋಡಿಕೊಂಡು ಹೋಗಿ. ಜನವರಿ ಕೊನೆ, ಫೆಬ್ರುವರಿ ಹೊತ್ತಿಗೆ ತಮಿಳರ ಮುರುಗನ ಹಬ್ಬ ಥೈಪೂಸಂ, ಬೆಳ್ಳಿ ರಥ ಬರುವ ದಾರಿಯುದ್ದಕ್ಕೂ ತೆಂಗಿನಕಾಯಿ ಒಡೆಯುತ್ತಾರೆ, ಒಡೆಯುವವರಲ್ಲಿ ಚೀನಿಯರೂ ಇರುತ್ತಾರೆ. ಆಗಸ್ಟ್ ಸುಮಾರಿಗೆ ಹಸಿದ ಪ್ರೇತಗಳ ತಿಂಗಳು. ನಮ್ಮ ಪಿತೃಪಕ್ಷದ ಥರವೇ, ಆದರೆ ಅವರು ಪ್ರೇತಗಳಿಗೆ ಎಡೆ ಇಡೋದಷ್ಟೇ ಅಲ್ಲ, ಬೀದಿಯಲ್ಲಿ ವೇದಿಕೆ ಹಾಕಿ ನಾಟಕ, ಹಾಡು ಎಲ್ಲ ತೋರಿಸುತ್ತಾರೆ. ಮುಂದಿನ ಸಾಲಿನ ಕುರ್ಚಿ ಖಾಲಿ ಇರುತ್ತದೆ. ಖಾಲಿ ಇದೆಯಲ್ಲ ಅಂತ ಹೋಗಿ ಕೂರಬೇಡಿ, ಅದು ಸತ್ತವರಿಗೆ ಮೀಸಲು.

ಪೇಟೆ ಸಾಕಾದರೆ ಒಂದು ದಿನ ಬಾಲಿಕ್ ಪುಲಾವ್. ದ್ವೀಪದ ಬೆನ್ನು ಅಂತ ಅರ್ಥ. ಗದ್ದೆ, ಡುರಿಯನ್ ಹಣ್ಣಿನ ತೋಟ, ಜಾಯಿಕಾಯಿ. ಬಸ್ ಹೋಗುತ್ತದೆ. ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ, ಡಬ್ಬಿಗೆ ದುಡ್ಡು ಹಾಕಬೇಕು, ಚಿಲ್ಲರೆ ವಾಪಸ್ ಬರುವುದಿಲ್ಲ. ನಾನು ಹತ್ತರ ನೋಟು ಹಿಡಿದು ನಿಂತಾಗ ಹಿಂದಿದ್ದ ಮಾಕ್‌ಚಿಕ್ ಒಬ್ಬರು ತಮ್ಮ ಪರ್ಸಿನಿಂದ ಚಿಲ್ಲರೆ ಹಾಕಿಬಿಟ್ಟರು, ನೋಟು ಕೊಟ್ಟರೆ ತಗೊಳ್ಳಲಿಲ್ಲ. ಇಳಿಯುವವರೆಗೂ ಅವರ ಮಗಳ ಮದುವೆ ವಿಷಯ ಕೇಳಿದೆ. ಚಿಲ್ಲರೆ ಇಟ್ಟುಕೊಳ್ಳಿ, ಆದರೂ.

ಖರ್ಚು, ಸುರಕ್ಷತೆ ಬೇಗ ಹೇಳಿಬಿಡುತ್ತೇನೆ. ಒಂದು ರಿಂಗಿಟ್, ಅಂದರೆ ಅಲ್ಲಿನ ನಾಣ್ಯ, 20 ರೂಪಾಯಿಗಿಂತ ಸ್ವಲ್ಪ ಹೆಚ್ಚು. ಡಾರ್ಮಿಟರಿಯ ಹಾಸಿಗೆ 30ರಿಂದ 50 ರಿಂಗಿಟ್, ಒಂದು ಸಾದಾ ಊಟ 8ರಿಂದ 12. 2023ರ ಡಿಸೆಂಬರ್‌ನಿಂದ ಭಾರತೀಯರು 30 ದಿನದವರೆಗೆ ವೀಸಾ ಇಲ್ಲದೇ ಹೋಗಬಹುದು ಅಂತ ಮಾಡಿದ್ದಾರೆ, ಟಿಕೆಟ್ ಮಾಡಿಸುವ ಮುಂಚೆ ಮಲೇಷ್ಯಾ ಸರ್ಕಾರದ ತಾಣದಲ್ಲಿ ಒಮ್ಮೆ ನೋಡಿಕೊಳ್ಳಿ. ಅಲ್ಲಿಗೆ ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು, ಅದು ಉಚಿತ. ರಸ್ತೆ ಬದಿ ನಡೆಯುವಾಗ ಬ್ಯಾಗ್ ರಸ್ತೆಗೆ ದೂರವಾದ ಭುಜಕ್ಕೆ ಇರಲಿ, ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುವವರಿದ್ದಾರೆ. ಏನನ್ನಾದರೂ ಕೊಡುವಾಗ ಬಲಗೈ ಬಳಸಿ, ತೋರುಬೆರಳಿನಲ್ಲಿ ತೋರಿಸಬೇಡಿ, ಹೆಬ್ಬೆರಳಿನಲ್ಲಿ ತೋರಿಸಿ. ಮನೆಗೆ ಕರೆದರೆ ಚಪ್ಪಲಿ ಹೊರಗೆ, ಅದು ನಿಮಗೆ ಹೇಳಬೇಕಾಗಿಲ್ಲ.

ಕೊನೆಗೆ, ಖಾಲಿ ಕೈಯಲ್ಲಿ ಹೋಗಬೇಡಿ. ಪೇಡ, ಚಕ್ಕುಲಿ ಸೆಕೆಗೆ ಕೆಡುತ್ತದೆ. ಮೈಸೂರು ಸ್ಯಾಂಡಲ್ ಸೋಪಿನ ಐದಾರು ಪೆಟ್ಟಿಗೆ ಬ್ಯಾಗಿನ ತಳದಲ್ಲಿ ಹಾಕಿಕೊಳ್ಳಿ. ಶ್ರೀಗಂಧಕ್ಕೆ ಮಲಯ್‌ನಲ್ಲಿ ಚೆಂದಾನಾ ಅನ್ನುತ್ತಾರೆ, ಚೀನೀ ಗುಡಿಗಳ ಊದುಬತ್ತಿಯಲ್ಲೂ ಅದೇ ಪರಿಮಳ, ಹಾಗಾಗಿ ಮೂಸಿದ ಕೂಡಲೇ ಗುರುತು ಹಿಡಿಯುತ್ತಾರೆ. ಕೋಪಿ ಅಂಗಡಿ ಆಂಟಿಗೆ ಒಂದು ಎತ್ತಿಡಿ. ಆದರೆ ಅದನ್ನು ಹೊರಡುವ ದಿನವೇ ಕೊಡಿ. ನಾನು ಮೂರನೇ ದಿನ ಕೊಟ್ಟು, ಉಳಿದ ಅಷ್ಟೂ ದಿನ ಕೋಪಿ ದುಡ್ಡು ತಗೊಳ್ಳಿ ಅಂತ ಜಗಳ ಆಡಬೇಕಾಯಿತು.